ಪಹಣಿಯಲ್ಲಿ ಹೆಸರಿದ್ದರೆ ಸಾಲದು

ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಎಲ್ಲಿಯ ತಹಶೀಲ್ದಾರ್ ಕಚೇರಿಗೆ ಹೋದರೂ ಕಾಣುವ ನೋಟ ಹೆಚ್ಚುಕಡಿಮೆ ಒಂದೇ. ಭೂಮಿ ಕೇಂದ್ರದ ಕಿಟಕಿಯ ಮುಂದೆ ಸಾಲು. ಆವರಣದ ನೆರಳಿನಲ್ಲಿ ಬಾಂಡ್ ರೈಟರುಗಳ ಮೇಜು. ರುಮಾಲು ಸುತ್ತಿದ ಹಿರಿಯರ ಕೈಯಲ್ಲಿ ಕೈಚೀಲ. ಅದರೊಳಗೆ ಮಡಿಕೆಯಲ್ಲಿ ಹರಿದ ಖರೀದಿ ಪತ್ರ, ಸೊಸೈಟಿ ಸಾಲದ ಪುಸ್ತಕ, ಅಪ್ಪನ ಕಾಲದ ಕಂದಾಯ ರಸೀದಿ. ಕಿಟಕಿಯಿಂದ ಪಹಣಿ ಕೈಗೆ ಬಂದೊಡನೆ ಎಲ್ಲರ ಕಣ್ಣು ಹೋಗುವುದು ಒಂಬತ್ತನೇ ಕಾಲಮಿಗೆ. ಅಲ್ಲಿ ತಮ್ಮ ಹೆಸರಿದ್ದರೆ ಹೊಲ ತಮ್ಮದು ಎಂದು ಸಮಾಧಾನ. ಪಹಣಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹಿಡಿಯುತ್ತಾರೆ.

ಆ ಸಮಾಧಾನಕ್ಕೆ ಕಾನೂನಿನ ಬೆಂಬಲ ಇರುವುದು ಅರ್ಧ ಮಾತ್ರ. ಪಹಣಿಯ ಹೆಸರು ಒಡೆತನದ ಒಂದು ಸಾಕ್ಷಿ, ಒಡೆತನವೇ ಅಲ್ಲ. ಆ ಹೆಸರು ಅಲ್ಲಿಗೆ ಯಾವ ಆಧಾರದಿಂದ ಬಂತು, ಅದಕ್ಕೂ ಹಿಂದೆ ಯಾರ ಹೆಸರಿತ್ತು, ಅವರಿಗೆ ಹೇಗೆ ಬಂದಿತ್ತು ಎಂದು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಿ ನೋಡಿದಾಗಲೇ ಹಕ್ಕು ಗಟ್ಟಿಯೋ ಪೊಳ್ಳೋ ಎಂದು ತಿಳಿಯುವುದು. ಈ ಹುಡುಕಾಟವನ್ನು ನಮ್ಮಲ್ಲಿ ಹೊಲ ಮಾರುವಾಗ ಇಲ್ಲವೇ ಕೋರ್ಟು ಮೆಟ್ಟಿಲು ಹತ್ತಿದಾಗ ಮಾತ್ರ ಮಾಡುವ ರೂಢಿಯಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ ಭೂಸ್ವಾಧೀನ ಎದುರಿಗಿರುವ ಬಾಗಲಕೋಟೆ ಜಿಲ್ಲೆಯಲ್ಲಿ ಈ ರೂಢಿ ಬಹಳ ದುಬಾರಿಯಾಗಲಿದೆ.

ಸರ್ಕಾರ ಖಾತ್ರಿ ಕೊಡುವುದಿಲ್ಲ

ಜಮೀನು ಸರ್ಕಾರದ ಪುಸ್ತಕದಲ್ಲಿ ನಮ್ಮ ಹೆಸರಿಗಿದೆ, ಆದ್ದರಿಂದ ಸರ್ಕಾರವೇ ನಮ್ಮ ಹಕ್ಕಿಗೆ ಹೊಣೆ ಎಂದು ಬಹಳ ಮಂದಿ ನಂಬಿದ್ದಾರೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 133ನೇ ಕಲಮು ಹೇಳುವುದು ಬೇರೆ: ಹಕ್ಕು ದಾಖಲೆಯಲ್ಲಿರುವ ನಮೂದು, ಸುಳ್ಳೆಂದು ರುಜುವಾತಾಗುವ ತನಕ, ನಿಜವೆಂದು ಭಾವಿಸತಕ್ಕದ್ದು. ಅಂದರೆ ರುಜುವಾತು ಮಾಡಲು ಬಾಗಿಲು ತೆರೆದೇ ಇದೆ. ಕಂದಾಯ ದಾಖಲೆಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಯಾರಿಗೂ ಮಾಲಕಿ ಹುಟ್ಟುವುದಿಲ್ಲ, ಯಾರ ಮಾಲಕಿಯೂ ಹೋಗುವುದಿಲ್ಲ, ಅದು ಕಂದಾಯ ಯಾರಿಂದ ವಸೂಲು ಮಾಡಬೇಕು ಎಂಬುದರ ಲೆಕ್ಕ ಮಾತ್ರ ಎಂದು ಸುಪ್ರೀಂ ಕೋರ್ಟ್ ದಶಕಗಳಿಂದ ತೀರ್ಪಿನ ಮೇಲೆ ತೀರ್ಪು ಕೊಟ್ಟಿದೆ. ಮಾಲಕಿಯ ತಂಟೆಯನ್ನು ತೀರ್ಮಾನಿಸುವ ಅಧಿಕಾರ ಇರುವುದು ಸಿವಿಲ್ ನ್ಯಾಯಾಲಯಕ್ಕೆ. ತಹಶೀಲ್ದಾರರಿಗೂ ಇಲ್ಲ, ಉಪವಿಭಾಗಾಧಿಕಾರಿಗೂ ಇಲ್ಲ.

ಸರಿ, ಉಪನೋಂದಣಿ ಕಚೇರಿಯಲ್ಲಿ ರಜಿಸ್ಟರ್ ಆದ ಖರೀದಿ ಪತ್ರವಾದರೂ ಪಕ್ಕಾ ಅಲ್ಲವೇ? ಅದೂ ಅಲ್ಲ. 1908ರ ನೋಂದಣಿ ಕಾಯ್ದೆಯಡಿ ಆ ಕಚೇರಿ ನೋಂದಾಯಿಸುವುದು ಪತ್ರವನ್ನು, ಹಕ್ಕನ್ನಲ್ಲ. ಬರೆದುಕೊಟ್ಟವನಿಗೆ ಆ ಜಮೀನು ಮಾರುವ ಅಧಿಕಾರವಿತ್ತೇ ಎಂದು ವಿಚಾರಿಸುವುದು ನೋಂದಣಾಧಿಕಾರಿಯ ಕೆಲಸವೇ ಅಲ್ಲ ಎಂದು 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಸ್ಪಷ್ಟಪಡಿಸಿತು. ತನಗಿಲ್ಲದ ಹಕ್ಕನ್ನು ಒಬ್ಬ ಮಾರಿದರೆ ಕೊಂಡವನಿಗೆ ಸಿಗುವುದು ಮುದ್ರೆಯೊತ್ತಿದ ಕಾಗದ ಮಾತ್ರ. ಹಾಗಾಗಿ ಪರಿಶೀಲನೆಯ ಹೊಣೆಯೆಲ್ಲ ಕೊಳ್ಳುವವನ ಮೇಲೆ, ಇಲ್ಲವೇ ಹೊಲವನ್ನು ಹಿರಿಯರಿಂದ ಪಡೆದವನ ಮೇಲೆಯೇ ಬೀಳುತ್ತದೆ.

ಹಕ್ಕಿನ ಮೂಲವನ್ನು ಬರೆದಿಟ್ಟ ಹಳೆಯ ಮಾದರಿಯೊಂದು ನಮ್ಮಲ್ಲೇ ಇದೆ. ಬಾದಾಮಿಯ ಮೂರನೇ ಗುಹೆಯ ಬಳಿ ಚಾಲುಕ್ಯ ಮಂಗಲೇಶ ಬರೆಸಿದ ಬರಹಗಳಿವೆ. ಶಕ 500ರ, ಅಂದರೆ ಕ್ರಿ.ಶ. 578ರ ಹೊತ್ತಿನವು. ಲಂಜಿಗೇಸರ ಎಂಬ ಊರನ್ನು ಆ ಕಲ್ಮನೆಗೆ ದತ್ತಿ ಬಿಟ್ಟದ್ದನ್ನು ಅವು ದಾಖಲಿಸುತ್ತವೆ. ಕೊಟ್ಟವರು ಯಾರು, ಕೊಟ್ಟದ್ದು ಏನು, ಯಾರಿಗೆ, ಯಾವ ಅಧಿಕಾರದಿಂದ ಎಂಬ ನಾಲ್ಕೂ ಸಂಗತಿ ಅಲ್ಲಿ ಸಿಗುತ್ತವೆ. ಇವತ್ತಿನ ಪಹಣಿಯ ಒಂಬತ್ತನೇ ಕಾಲಮು ಇವುಗಳಲ್ಲಿ ಎರಡನ್ನು ಮಾತ್ರ ಹೇಳುತ್ತದೆ. ಉಳಿದೆರಡಕ್ಕಾಗಿ ಪಕ್ಕದ ಕಾಲಮು ನೋಡಬೇಕು.

ಹತ್ತನೇ ಕಾಲಮಿನಿಂದ ಹಿಂದಕ್ಕೆ

ಹತ್ತನೇ ಕಾಲಮಿನಲ್ಲಿ ಸ್ವಾಧೀನ ಬಂದ ರೀತಿ ಇರುತ್ತದೆ. ಕ್ರಯ, ವಾರಸಾ, ವಾಟ್ನಿ, ದಾನ, ಕೋರ್ಟ್ ಡಿಕ್ರಿ ಹೀಗೆ ಒಂದು ಕಾರಣ, ಅದರ ಜೊತೆ ಎಂ.ಆರ್. ಎಂಬ ಗುರುತಿನ ಹಕ್ಕು ಬದಲಾವಣೆ ಸಂಖ್ಯೆ, ವರ್ಷ. ಹುಡುಕಾಟ ಶುರುವಾಗುವುದು ಈ ಪುಟ್ಟ ಸಂಖ್ಯೆಯಿಂದ. ಅದನ್ನು ಹಿಡಿದು ಹಕ್ಕು ಬದಲಾವಣೆ ರಜಿಸ್ಟರಿನ ನಕಲು ತೆಗೆಸಿದರೆ ಯಾರು ವರ್ದಿ ಕೊಟ್ಟರು, ಯಾವ ಪತ್ರ ತೋರಿಸಿದರು, ಯಾರಿಗೆ ನೋಟಿಸು ಹೋಯಿತು, ತಕರಾರು ಬಂತೇ, ಯಾವ ದಿನ ಮಂಜೂರಾಯಿತು ಎಂಬುದೆಲ್ಲ ತಿಳಿಯುತ್ತದೆ. ಅದರಲ್ಲೇ ಹಿಂದಿನ ಖಾತೆದಾರನ ಹೆಸರೂ ಇರುತ್ತದೆ. ಆ ಹೆಸರಿನ ಪಹಣಿ ತೆಗೆಸಿ, ಅದರ ಹತ್ತನೇ ಕಾಲಮು ನೋಡಿ, ಮತ್ತೆ ಹಿಂದಿನ ರಜಿಸ್ಟರಿಗೆ ಹೋಗಬೇಕು. ಹನ್ನೊಂದನೇ ಕಾಲಮನ್ನು ಮರೆಯುವಂತಿಲ್ಲ. ಬ್ಯಾಂಕಿನ ಬೋಜಾ, ಕೋರ್ಟಿನ ತಡೆಯಾಜ್ಞೆ, ಇತರರ ಹಕ್ಕು ಕೂಡುವುದು ಅಲ್ಲಿಯೇ. ಸಾಲ ತೀರಿಸಿ ಇಪ್ಪತ್ತು ವರ್ಷವಾದರೂ ಬೋಜಾ ಇಳಿಸದೆ ಬಿಟ್ಟ ಪಹಣಿಗಳು ಪ್ರತಿ ಹಳ್ಳಿಯಲ್ಲೂ ಇವೆ.

2000ದಿಂದ ಈಚೆಗೆ ‘ಭೂಮಿ’ ಯೋಜನೆಯಡಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಅದಕ್ಕೂ ಹಿಂದಿನವು ತಲಾಠಿಗಳ ಕೈಬರಹದವು, ಸಿಗುವುದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. 1964ಕ್ಕೂ ಹಿಂದೆ ಹೋದರೆ ಮುಂಬಯಿ ಕಾನೂನಿನ ದಾಖಲೆಗಳ ಲೋಕ. ಈ ಸೀಮೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಹಳ್ಳಿ ಮಟ್ಟದ ಹಕ್ಕು ದಾಖಲೆ ಇಲ್ಲಿ ಶುರುವಾದದ್ದು 1903ರ ಮುಂಬಯಿ ಕಾಯ್ದೆಯ ನಂತರ. ಅದಕ್ಕಿಂತ ಮೊದಲಿನದು ಸರ್ವೆ ಇಲಾಖೆಯ ಕೆಲಸ: ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ ಮತ್ತು ಕಂದಾಯದ ಆಕಾರ ಹೇಳುವ ಆಕಾರಬಂದ್, ಅಳತೆಯ ವಿವರವಿರುವ ಟಿಪ್ಪಣಿ, ಊರಿನ ನಕ್ಷೆ. ಇವು ಮಾಲೀಕನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ, ಆದರೆ ಹೊಲ ಎಷ್ಟು, ಎಲ್ಲಿಂದ ಎಲ್ಲಿಗೆ, ಖರಾಬ ಎಷ್ಟು ಎಂಬುದಕ್ಕೆ ಇವೇ ತಳಪಾಯ. ಪಹಣಿಯಲ್ಲಿ ನಾಲ್ಕು ಎಕರೆ, ಆಕಾರಬಂದಿನಲ್ಲಿ ಮೂರು ಎಕರೆ ಮೂವತ್ತು ಗುಂಟೆ ಇದ್ದರೆ ಆ ಹತ್ತು ಗುಂಟೆಯ ಜಗಳ ಒಂದಲ್ಲ ಒಂದು ದಿನ ಏಳುತ್ತದೆ.

ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯ ತನಕ ವಿಜಾಪುರ ಜಿಲ್ಲೆ. ಇನ್ನೂ ಹಿಂದೆ, ಬ್ರಿಟಿಷರ ಕಾಲದಲ್ಲಿ ಕಲಾದಗಿಯೇ ಜಿಲ್ಲಾ ಕೇಂದ್ರವಾಗಿತ್ತು. ಹಾಗಾಗಿ ಹಳೆಯ ಕಡತ ಬೇಕಾದಾಗ ಬಾಗಲಕೋಟೆ ನವನಗರದ ಕಚೇರಿಯಲ್ಲಿ ಸಿಗದ್ದನ್ನು ಈಗಿನ ವಿಜಯಪುರದಲ್ಲಿ ಹುಡುಕಬೇಕಾಗುತ್ತದೆ. ಜಮಖಂಡಿ, ಮುಧೋಳ ಸಂಸ್ಥಾನಗಳಿಗೆ ಸೇರಿದ್ದ ಊರುಗಳ ದಾಖಲೆಗಳ ಕ್ರಮವೇ ಬೇರೆ. ಹತ್ತೊಂಬತ್ತನೇ ಶತಮಾನದ ಕಾಗದ ಎದುರಾದರೆ ಭಾಷೆ ಮರಾಠಿ, ಲಿಪಿ ಮೋಡಿ ಇರಬಹುದು. ಮೋಡಿ ಓದಬಲ್ಲವರು ಈಗ ವಿರಳ. ಇವರ ಕೆಲಸವನ್ನು ಸರ್ಕಾರ ಗುರುತಿಸಿ, ಲಿಪ್ಯಂತರಕ್ಕೆ ಹೊಸಬರನ್ನು ತಯಾರು ಮಾಡದಿದ್ದರೆ ಕೆಲವು ಕಾಗದಗಳು ಕಣ್ಣೆದುರಿಗೆ ಇದ್ದೂ ಇಲ್ಲದಂತೆ ಆಗುತ್ತವೆ.

ಇದರ ಮೇಲೆ ಹೆಸರಿನ ತೊಡಕು. ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಮ್ಮ ಪದ್ಧತಿಯಿಂದ ಒಂದೇ ಮನೆತನದಲ್ಲಿ ಬಸಪ್ಪ ಈರಪ್ಪ, ಈರಪ್ಪ ಬಸಪ್ಪ, ಮತ್ತೆ ಬಸಪ್ಪ ಈರಪ್ಪ ಎಂದು ಹೆಸರು ಸರದಿಯಂತೆ ಬರುತ್ತದೆ. 1938ರ ವರ್ದಿಯ ಬಸಪ್ಪನೂ 1981ರ ವರ್ದಿಯ ಬಸಪ್ಪನೂ ಅಜ್ಜ ಮೊಮ್ಮಗ ಎಂದು ತಿಳಿಯದೆ ಒಬ್ಬನೇ ಎಂದುಕೊಂಡರೆ ನಡುವಿನ ಒಂದು ತಲೆಮಾರಿನ ಪಾಲುದಾರರೆಲ್ಲ ಲೆಕ್ಕದಿಂದ ಬಿಟ್ಟುಹೋಗುತ್ತಾರೆ. ಅಡ್ಡಹೆಸರೂ ನೆಚ್ಚಿಕೊಳ್ಳುವಂಥದ್ದಲ್ಲ. ಒಂದು ಪತ್ರದಲ್ಲಿ ಊರಿನ ಹೆಸರು, ಇನ್ನೊಂದರಲ್ಲಿ ಕಸುಬಿನ ಹೆಸರು, ದತ್ತಕ ಹೋದವನಿಗೆ ಮೂರನೆಯದು. ಆದ್ದರಿಂದಲೇ ಅನುಭವಿ ವಕೀಲರು ದಾಖಲೆ ಓದುವ ಮೊದಲು ವಂಶಾವಳಿ ಬರೆಸುತ್ತಾರೆ. ಆಮೇಲೆ ಪ್ರತಿ ಹೆಸರನ್ನೂ ಅದರ ಮೇಲಿಟ್ಟು ತಾಳೆ ನೋಡುತ್ತಾರೆ.

ಹಕ್ಕು ತುಂಡಾಗುವ ಜಾಗಗಳು

ಹಿಂದಕ್ಕೆ ಹೋಗುವಾಗ ಕೆಲವು ಇಸವಿಗಳಲ್ಲಿ ನಿಂತು ನೋಡಲೇಬೇಕು. ಮೊದಲನೆಯದು ವತನ. ಗೌಡಕಿ, ಕುಲಕರ್ಣಿಕಿ, ತಳವಾರಿಕೆ, ವಾಲಿಕಾರಿಕೆಯ ಚಾಕರಿಗೆಂದು ಬಿಟ್ಟ ಭೂಮಿ ಈ ಭಾಗದಲ್ಲಿ ಹೇರಳ. ಕುಲಕರ್ಣಿ ವತನಗಳನ್ನು ಮುಂಬಯಿ ಸರ್ಕಾರ 1950ರ ಕಾಯ್ದೆಯಿಂದ ತೆಗೆದುಹಾಕಿತು. ಉಳಿದ ಗ್ರಾಮ ಹುದ್ದೆಗಳು ಕರ್ನಾಟಕದ 1961ರ ಕಾಯ್ದೆಯಿಂದ ರದ್ದಾದವು; ಭೂಮಿ ಸರ್ಕಾರಕ್ಕೆ ಸೇರಿ, ಹಿಂದಿನ ವತನದಾರರಿಗೆ ಶರತ್ತಿನ ಮೇಲೆ ಮರುಮಂಜೂರಾಯಿತು. ರೀಗ್ರಾಂಟ್ ಆದೇಶವೇ ಇಲ್ಲದೆ, ಇಲ್ಲವೇ ಪರಭಾರೆಗೆ ತಡೆ ಇದ್ದಾಗ ಮಾರಾಟವಾದ ವತನ ಜಮೀನಿನ ಮೇಲೆ ಎಷ್ಟು ಬಾರಿ ಖರೀದಿ ಪತ್ರ ನೋಂದಣಿಯಾದರೂ ಬುಡ ಅಲುಗಾಡುತ್ತಲೇ ಇರುತ್ತದೆ.

ಎರಡನೆಯದು 1974ರ ಮಾರ್ಚ್ 1. ಭೂಸುಧಾರಣೆ ಕಾಯ್ದೆಯ ತಿದ್ದುಪಡಿಯಂತೆ ಗೇಣಿಯ ಭೂಮಿಯೆಲ್ಲ ಆ ದಿನ ಸರ್ಕಾರದಲ್ಲಿ ನಿಹಿತವಾಯಿತು. ನಮೂನೆ 7 ಕೊಟ್ಟ ರೈತನಿಗೆ ಭೂನ್ಯಾಯಮಂಡಳಿ ಅಧಿಭೋಗದ ಹಕ್ಕು ಕೊಟ್ಟು, ನಮೂನೆ 10ರ ಪ್ರಮಾಣಪತ್ರ ಬಂತು. ಅದರೊಂದಿಗೆ 15 ವರ್ಷ ಮಾರಬಾರದೆಂಬ ಶರತ್ತೂ ಬಂತು. ಹಳೆಯ ಜಮೀನ್ದಾರನ ಮಗ ಅಪ್ಪನ ಕಾಲದ ಪತ್ರ ತೋರಿಸಿ ಅಂಥ ಭೂಮಿಯನ್ನು ಮಾರಿದರೆ ಅವನ ಕೈಯಲ್ಲಿ ಮಾರಲು ಏನೂ ಉಳಿದಿರಲಿಲ್ಲ. ಮೂರನೆಯದು ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿ. 1978ರ ಪಿಟಿಸಿಎಲ್ ಕಾಯ್ದೆಯಂತೆ ಅನುಮತಿಯಿಲ್ಲದ ಪರಭಾರೆ ಅಸಿಂಧು. ಮರಳಿ ಕೇಳಲು ಕಾಲಮಿತಿಯಿಲ್ಲ ಎಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಭೂಮಿ ಕಳೆದುಕೊಂಡ ಬಡ ಕುಟುಂಬಗಳಿಗೆ ಅದನ್ನು ಮರಳಿಸುವ ಈ ಕಾಯ್ದೆ ನ್ಯಾಯದ್ದೇ. ಕೊಳ್ಳುವವರು ಮೂಲ ಮಂಜೂರಾತಿ ಆದೇಶ ನೋಡದೆ ಮುಂದೆ ಹೋಗುವುದು ತಪ್ಪು.

ಎಲ್ಲಕ್ಕಿಂತ ಹೆಚ್ಚು ಮನೆಗಳಲ್ಲಿ ಹಕ್ಕು ತುಂಡಾಗಿರುವುದು ಹೆಣ್ಣುಮಕ್ಕಳ ಜಾಗದಲ್ಲಿ. ಅಪ್ಪ ತೀರಿಕೊಂಡಾಗ ಗಂಡುಮಕ್ಕಳ ಹೆಸರಿಗೆ ಮಾತ್ರ ವಾರಸಾ ಮಾಡಿಸಿ, ಹಿರಿಯರ ಸಮಕ್ಷಮ ಬಾಯಿಮಾತಿನಲ್ಲಿ ವಾಟ್ನಿ ಮಾಡಿಕೊಂಡು, ಬದುವು ಹಾಕಿ ಉಳುತ್ತಾ ಬಂದ ಕುಟುಂಬಗಳು ಎಷ್ಟೋ. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ ಎಂದಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ: ಬಾಯಿಮಾತಿನ ಪಾಲು ಎಂಬ ವಾದವನ್ನು ಸುಲಭಕ್ಕೆ ಒಪ್ಪುವಂತಿಲ್ಲ, ಸಾರ್ವಜನಿಕ ದಾಖಲೆಯ ಬಲವಿರುವ ಅಪರೂಪದ ಸಂದರ್ಭದಲ್ಲಷ್ಟೇ ಒಪ್ಪಬಹುದು. ನಮ್ಮ ಹಳ್ಳಿಗಳ ಮಟ್ಟಿಗೆ ಇದರ ಪರಿಣಾಮ ದೊಡ್ಡದು. ಹಳೆಯ ವಾಟ್ನಿಯ ವರ್ದಿ ರಜಿಸ್ಟರಿನಲ್ಲಿ ಇದೆಯೋ ಇಲ್ಲವೋ ಎಂಬುದರ ಮೇಲೆ ಅಕ್ಕತಂಗಿಯರ ಪಾಲು ಇಂದೂ ತೆರೆದಿದೆಯೋ ಇಲ್ಲವೋ ಎಂಬುದು ನಿಂತಿದೆ.

ಮುಳುಗಡೆಯ ಸೀಮೆಯಲ್ಲಿ

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಅಣೆಕಟ್ಟು ಬಾಗಲಕೋಟೆಯ ಹಳೆಯ ಪೇಟೆಯ ಒಂದು ಪಾಲನ್ನೂ ಕೃಷ್ಣಾ, ಘಟಪ್ರಭೆಯ ದಂಡೆಯ ಅನೇಕ ಊರುಗಳನ್ನೂ ಮುಳುಗಿಸಿತು. ನವನಗರ ಹುಟ್ಟಿದ್ದು ಹಾಗೆ. ಈಗ ಮೂರನೇ ಹಂತದಲ್ಲಿ ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಲಿದೆ. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಇದಕ್ಕೆ ಒಪ್ಪಿಗೆ ಕೊಟ್ಟಿದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯಾಗುವ ಸುಮಾರು 75 ಸಾವಿರ ಎಕರೆಗೆ ದರ ಗೊತ್ತುಮಾಡಿತು: ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಬೇಸಾಯದ ಭೂಮಿಗೆ 30 ಲಕ್ಷ. ನಾಲ್ಕು ಎಕರೆಯ ಒಣಬೇಸಾಯದ ಹೊಲ ಅಂದರೆ ಒಂದು ಕೋಟಿ ಇಪ್ಪತ್ತು ಲಕ್ಷ. ಅಷ್ಟು ದಿನ ಜೋಳ ಬಿತ್ತಿ ಹಂಚಿಕೊಂಡು ತಿಂದ ಅಣ್ಣತಮ್ಮಂದಿರ ನಡುವೆ ಈ ಮೊತ್ತ ಬಂದು ಕೂತಾಗ ಯಾರ ಹೆಸರು ಎಲ್ಲಿದೆ ಎಂಬುದು ಕುಟುಂಬದ ಹಣೆಬರಹವನ್ನೇ ಬರೆಯುತ್ತದೆ.

2013ರ ಭೂಸ್ವಾಧೀನ ಕಾಯ್ದೆಯ 11ನೇ ಕಲಮಿನಲ್ಲಿ ಒಂದು ವಿಧಿಯಿದೆ. ಪ್ರಾಥಮಿಕ ಅಧಿಸೂಚನೆಯ ನಂತರ ಎರಡು ತಿಂಗಳಲ್ಲಿ ಜಿಲ್ಲಾಧಿಕಾರಿ ಭೂದಾಖಲೆಗಳನ್ನು ಪರಿಷ್ಕರಿಸಿ ಮುಗಿಸಬೇಕು. ಅಜ್ಜನ ಹೆಸರಿನಲ್ಲೇ ಉಳಿದ ಖಾತೆ, ನೋಂದಣಿಯಾಗದ ವಾಟ್ನಿ, ಪೋಡಿಯಾಗದ ಹಿಸ್ಸೆ, ಇಳಿಯದ ಬೋಜಾ, ಮುಂಬಯಿ ಪಾಲಾದ ವಾರಸುದಾರ, ಇಷ್ಟನ್ನೂ ಎರಡು ತಿಂಗಳಲ್ಲಿ ಸರಿಪಡಿಸಬೇಕು! ಮೂರು ತಲೆಮಾರು ಮಾಡದೆ ಬಿಟ್ಟ ಕೆಲಸ ಅಷ್ಟರಲ್ಲಿ ಆಗುವುದಿಲ್ಲ. ಆಗದಿದ್ದರೆ ಪಹಣಿಯಲ್ಲಿ ಹೆಸರಿದ್ದವನಿಗೆ ಹಣ ಹೋಗುತ್ತದೆ, ಉಳಿದವರು ಅವನ ಮೇಲೆ ದಾವೆ ಹಾಕುತ್ತಾರೆ. ಇಲ್ಲವೇ ತಕರಾರು ಬಂದ ಕಾರಣಕ್ಕೆ ಹಣ ಆ ಕಾಯ್ದೆಯಡಿಯ ಪ್ರಾಧಿಕಾರದಲ್ಲಿ ಠೇವಣಿಯಾಗಿ, ಹೊಲ ನೀರಿನಡಿ ಹೋದರೂ ಪರಿಹಾರ ಕೈಗೆ ಬರುವುದಿಲ್ಲ. ಎರಡೂ ಸಂದರ್ಭದಲ್ಲಿ ಹೆಚ್ಚು ನಷ್ಟವಾಗುವುದು ವಿಧವೆಯರಿಗೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ, ದುಡಿಯಲು ವಲಸೆ ಹೋದವರಿಗೆ.

ಮೂರು ಆಕ್ಷೇಪಗಳು

ಉಳುತ್ತಿರುವವರು ನಾವು, ಮೂರು ತಲೆಮಾರಿನಿಂದ ಕಬ್ಜಾ ನಮ್ಮದು, ಕಾಗದ ಯಾಕೆ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಸತ್ವವಿದೆ. ಹೊರಗಿನವರ ವಿರುದ್ಧ ಕಬ್ಜಾ ಬಲವಾದ ಸಾಕ್ಷಿ; ಹನ್ನೆರಡು ವರ್ಷದ ಪ್ರತಿಕೂಲ ಸ್ವಾಧೀನಕ್ಕೆ ಕಾನೂನು ಬೆಲೆ ಕೊಡುತ್ತದೆ. ಆದರೆ ನಮ್ಮ ಹಳ್ಳಿಗಳ ಜಗಳ ಬಹುತೇಕ ಒಳಗಿನವರದ್ದು. ಒಬ್ಬ ಪಾಲುದಾರ ಉಳುತ್ತಿದ್ದರೆ ಅವನು ಎಲ್ಲ ಪಾಲುದಾರರ ಪರವಾಗಿ ಉಳುತ್ತಿದ್ದಾನೆ ಎಂದೇ ಕಾನೂನು ತಿಳಿಯುತ್ತದೆ. ಐವತ್ತು ವರ್ಷ ಉತ್ತರೂ ತಂಗಿಯ ಪಾಲು ಅಷ್ಟಕ್ಕೇ ಅಣ್ಣನದಾಗುವುದಿಲ್ಲ.

ಎರಡನೆಯ ಆಕ್ಷೇಪ: ಈಗ ಎಲ್ಲ ಕಂಪ್ಯೂಟರಿನಲ್ಲಿದೆ, ಹಳೆಯ ಕಡತ ಯಾಕೆ? ಭೂಮಿ ಯೋಜನೆ ನಿಜಕ್ಕೂ ದೊಡ್ಡ ಉಪಕಾರ ಮಾಡಿತು. ಪಹಣಿಗಾಗಿ ತಲಾಠಿಯ ಮನೆ ಬಾಗಿಲು ಕಾಯುವ ಕಾಲ ಹೋಯಿತು, ಹಿಂದಿನ ದಿನಾಂಕ ಹಾಕಿ ತಿದ್ದುವ ಕೈಚಳಕಕ್ಕೆ ಕಡಿವಾಣ ಬಿತ್ತು. ಆದರೆ ಕಂಪ್ಯೂಟರಿಗೆ ಹೋದದ್ದು ಕೈಬರಹದ ಕೊನೆಯ ನಮೂದು. ಅದು ಸರಿಯೋ ತಪ್ಪೋ ಎಂಬ ವಿಚಾರಣೆ ಆಗ ನಡೆಯಲಿಲ್ಲ. ಬಿಟ್ಟುಹೋಗಿದ್ದ ಹೆಸರು ಅಚ್ಚಾಗಿ ಬಂದ ಪಹಣಿಯಲ್ಲೂ ಬಿಟ್ಟೇ ಹೋಗಿದೆ. ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕೂತು ತೆಗೆಯುವ ಋಣಭಾರ ಪತ್ರಕ್ಕೂ ಮಿತಿಯಿದೆ. ಅದು ನೋಂದಣಿಯಾದ ವ್ಯವಹಾರ ಮಾತ್ರ ತೋರಿಸುತ್ತದೆ; ವಾರಸಾ, ಬಾಯಿಮಾತಿನ ವಾಟ್ನಿ, ನಡೆಯುತ್ತಿರುವ ದಾವೆ ಅದರಲ್ಲಿ ಕಾಣುವುದಿಲ್ಲ.

ಮೂರನೆಯದು ಎಲ್ಲರ ಮನಸ್ಸಿನಲ್ಲಿರುವುದು: ಹಳೆಯದನ್ನು ಕೆದಕಿದರೆ ತಣ್ಣಗಿದ್ದ ಮನೆಗೆ ಕಿಚ್ಚು ಬೀಳುತ್ತದೆ. ಈ ಅಂಜಿಕೆಯನ್ನು ಹಗುರವಾಗಿ ಕಾಣಬಾರದು, ತವರಿನ ಬಾಗಿಲು ಮುಚ್ಚೀತೆಂದು ಹಕ್ಕು ಕೇಳದೆ ಉಳಿದ ಹೆಣ್ಣುಮಕ್ಕಳು ಬಹಳ. ಆದರೂ ಹಿರಿಯರು ಬದುಕಿರುವಾಗ, ಯಾರಿಗೆ ಯಾವ ತುಂಡು ಯಾಕೆ ಹೋಯಿತೆಂದು ಬಲ್ಲವರು ಇರುವಾಗ ಆಗುವ ಮಾತುಕತೆಗೂ ಅವರೆಲ್ಲ ತೀರಿಕೊಂಡು ಕೋಟಿ ರೂಪಾಯಿ ಮುಂದಿರುವಾಗ ಆಗುವ ವ್ಯಾಜ್ಯಕ್ಕೂ ಹೋಲಿಕೆಯೇ ಇಲ್ಲ. ಪಾಲು ಬೇಡವೆನ್ನುವ ತಂಗಿ ಮನಸ್ಸಾರೆ ಹಕ್ಕುಬಿಡುಗಡೆ ಪತ್ರ ನೋಂದಾಯಿಸಿ ಕೊಡಲಿ. ಬೇಕೆನ್ನುವವಳಿಗೆ ಪಾಲು ಸಿಗಲಿ. ಆಕೆಯನ್ನು ಕೇಳದೆಯೇ ಆಕೆಯ ಹೆಸರು ಬಿಡುವುದು ಶಾಂತಿಯಲ್ಲ, ಅನ್ಯಾಯ.

ಊರೊಳಗಿನ ಮನೆ

ಗಾವಠಾಣದ ಮನೆಗೆ ಪಹಣಿಯೇ ಇರುವುದಿಲ್ಲ. ಇಳಕಲ್ಲಿನ ನೇಕಾರನ ಮನೆಯಲ್ಲಿ ಕುಣಿಮಗ್ಗ ಇರುವ ಪಡಸಾಲೆಯೇ ಅವನ ಕಾರ್ಖಾನೆ. ಅದಕ್ಕೆ ಸಾಲ ಬೇಕೆಂದರೆ ತೋರಿಸಬೇಕಾದ್ದು ನಗರಸಭೆಯ ಉತಾರ, ಸಿಟಿ ಸರ್ವೆ ನಡೆದ ಕಡೆ ಅದರ ಉತಾರ. ಹಳ್ಳಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಇವೂ ತೆರಿಗೆಯ ದಾಖಲೆಗಳೇ, ಮಾಲಕಿಗೆ ಇವುಗಳ ಹಿಂದಿನ ಪತ್ರಗಳನ್ನೇ ನೋಡಬೇಕು. ಬಾದಾಮಿ, ಪಟ್ಟದಕಲ್ಲು, ಐಹೊಳೆಯಲ್ಲಿ ಪತ್ರ ಎಷ್ಟೇ ಶುದ್ಧವಿದ್ದರೂ ರಕ್ಷಿತ ಸ್ಮಾರಕದ ನೂರು ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ ಇನ್ನೂರು ಮೀಟರಿಗೆ ಅನುಮತಿ ಬೇಕು. ಜಾಗ ಕೊಳ್ಳುವವರು ಚೆಕ್ಕುಬಂದಿಯ ಜೊತೆ ಈ ಅಳತೆಯನ್ನೂ ನೋಡಿಕೊಳ್ಳಬೇಕು.

ರೆಕಾರ್ಡ್ ರೂಮುಗಳ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂಸುರಕ್ಷಾ’ ಯೋಜನೆಯನ್ನು ಸರ್ಕಾರ ಕೈಗೊಂಡಿದೆ. ಈ ಜಿಲ್ಲೆಯಲ್ಲಿ ಆ ಕೆಲಸ ಮುಳುಗಡೆ ಪಟ್ಟಿಯ ಊರುಗಳ ಕಡತಗಳಿಂದ ಆರಂಭವಾಗಲಿ. ವಿಜಯಪುರದಲ್ಲಿ ಉಳಿದ ಹಳೆಯ ದಾಖಲೆಗಳ ಪ್ರತಿ ಬಾಗಲಕೋಟೆಗೆ ಬರಲಿ. ಪೌತಿ ಖಾತೆಯ ವರ್ದಿಗೆ ಸಿಬ್ಬಂದಿ ಊರಿಗೇ ಹೋಗಲಿ. ಓದುಗರು ಸರ್ಕಾರಕ್ಕಾಗಿ ಕಾಯಬೇಕಿಲ್ಲ. ಮನೆಯ ಹಿರಿಯರನ್ನು ಕೂರಿಸಿಕೊಂಡು ವಂಶಾವಳಿ ಬರೆಯಿರಿ, ಅದರಲ್ಲಿ ಅಕ್ಕತಂಗಿಯರ ಹೆಸರು ಬಿಡಬೇಡಿ. ನಿಮ್ಮ ಪಹಣಿಯ ಹತ್ತನೇ ಕಾಲಮಿನ ಎಂ.ಆರ್. ಸಂಖ್ಯೆ ಬರೆದುಕೊಂಡು ಅದರ ನಕಲಿಗೆ ಈ ವಾರವೇ ಅರ್ಜಿ ಕೊಡಿ.